ಮನೆಗೆ ಬೀಗ ಹಾಕಿ ಹೊರಟಿದ್ದೀರಾ? ಮೊದಲು ಕಾರಿನ ಟ್ಯಾಂಕ್ ತುಂಬಿಸಿ

ಗಲ್ಫಿಗೆ ಹೊರಡುವವರು ಕಾರನ್ನು ಶೆಡ್ಡಿನಲ್ಲಿ ಬಿಡುವಾಗ ಕವರ್ ಹೊದಿಸುತ್ತಾರೆ, ಬ್ಯಾಟರಿ ವಯರ್ ಬಿಚ್ಚಿಸುತ್ತಾರೆ. ಟ್ಯಾಂಕಿನ ಕಡೆ ಮಾತ್ರ ನೋಡುವುದಿಲ್ಲ. ಹೇಗೂ ಓಡಿಸುವುದಿಲ್ಲ, ಪೆಟ್ರೋಲಿಗೆ ಸುಮ್ನೆ ದುಡ್ಡು ಯಾಕೆ ಅಂತ ಮುಳ್ಳು ರಿಸರ್ವಿಗೆ ಬಂದಾಗಲೇ ನಿಲ್ಲಿಸಿಬಿಡುತ್ತಾರೆ. ಕರಾವಳಿಯ ಮಳೆಗಾಲ ಕಳೆದ ಮೇಲೆ ಗ್ಯಾರೇಜಿಗೆ ಎಳೆದು ತರುವ ಕಾರುಗಳಲ್ಲಿ ಇಂಥವೇ ಜಾಸ್ತಿ.

ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿಗೆ ತೇವ ಹೀರುವ ಗುಣ ಇದೆ. ಟ್ಯಾಂಕ್ ಖಾಲಿ ಇದ್ದಷ್ಟೂ ಒಳಗೆ ಗಾಳಿ ಜಾಸ್ತಿ, ಗಾಳಿಯ ಜೊತೆ ತೇವವೂ ಜಾಸ್ತಿ. ನೀರು ಮಿತಿ ಮೀರಿದರೆ ಎಥನಾಲ್ ಅದರ ಜೊತೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಫ್ಯೂಯೆಲ್ ಪಂಪ್ ಹೀರುವುದೂ ತಳದಿಂದಲೇ ಅಲ್ವಾ? ಎಂಜಿನ್‌ಗೆ ಮೊದಲು ಹೋಗುವುದು ಆ ನೀರು. ಇನ್ನೊಂದು ಕಡೆ, ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಸ್ಟಾರ್ಟಿಂಗ್ ಕಷ್ಟವಾಗುತ್ತದೆ. ಉಳಿದದ್ದು ಗಾಳಿ ತಾಗಿ ನಿಧಾನವಾಗಿ ಅಂಟಾಗುತ್ತದೆ. ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ರಂಧ್ರ ಕೂದಲಿನಷ್ಟು ಸಣ್ಣದು. ಅಲ್ಲಿ ಅಂಟು ಕೂತರೆ ಬಿಡಿಸುವುದು ಸುಲಭವಲ್ಲ.

ಹಾಗಾಗಿ ಹೊರಡುವ ಮುಂಚೆ ಟ್ಯಾಂಕ್ ತುಂಬಿಸಿ. ನಾಜಲ್ ತಾನಾಗಿ ಕಟ್ ಆದ ಮೇಲೆ ಮತ್ತೆ ಒತ್ತಿ ಹಾಕಿಸಬೇಡಿ. ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ಪೆಟ್ರೋಲ್ ನುಗ್ಗಿದರೆ ಅದು ಹಾಳಾಗುತ್ತದೆ. ಮೂರು ತಿಂಗಳಿಗಿಂತ ಜಾಸ್ತಿ ನಿಲ್ಲಿಸುವುದಾದರೆ ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಫ್ಯೂಯೆಲ್ ಸ್ಟೆಬಿಲೈಜರನ್ನು ಬಾಟಲಿ ಮೇಲಿನ ಅಳತೆಯಂತೆ ಹಾಕಿ, ಅದರ ಮೇಲೆ ಹೊಸ ಪೆಟ್ರೋಲ್ ತುಂಬಿಸಿ. ಆಮೇಲೆ ಹತ್ತಿಪ್ಪತ್ತು ನಿಮಿಷ ಓಡಿಸಿ. ಆಗಲೇ ಅದು ಇಂಜೆಕ್ಟರ್ ತನಕ ತಲುಪುವುದು. ಈಗಾಗಲೇ ಕೆಟ್ಟುಹೋದ ಪೆಟ್ರೋಲನ್ನು ಮಾತ್ರ ಯಾವ ಬಾಟಲಿಯೂ ಸರಿ ಮಾಡುವುದಿಲ್ಲ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡು ಎಂದು ತಮ್ಮನಿಗೆ ಕೀ ಕೊಟ್ಟು ಹೋಗುವವರಿದ್ದಾರೆ. ದಯವಿಟ್ಟು ಬೇಡ. ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ, ಬ್ಯಾಟರಿಯೂ ಸರಿಯಾಗಿ ಚಾರ್ಜ್ ಆಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಲಿ, ಖರ್ಚಾದಷ್ಟು ಹೊಸ ಪೆಟ್ರೋಲ್ ಹಾಕಿಸಲಿ.

ಸಿಎನ್‌ಜಿ ಕಾರಿನವರು ದಿನಾ ಓಡಿಸಿದರೂ ಪೆಟ್ರೋಲ್ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಹಳೆಯದೇ ಕೂತಿರುತ್ತದೆ. ಆಗಾಗ ಪೆಟ್ರೋಲಿನಲ್ಲೂ ಓಡಿಸಿ. ಡೀಸೆಲ್ ಕಾರಾದರೆ ತಳದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಅಲ್ಲೂ ತುಂಬಿದ ಟ್ಯಾಂಕೇ ಮದ್ದು.

ವಾಪಸ್ ಬಂದ ದಿನ ಅವಸರದಲ್ಲಿ ಸೆಲ್ಫ್ ಹೊಡೆಯಬೇಡಿ. ಮೊದಲು ಬಾನೆಟ್ ಎತ್ತಿ ಹೋಸ್ ಪೈಪುಗಳನ್ನು ನೋಡಿ. ಇಲಿ ಕಡಿದಿದ್ದರೆ, ಪೆಟ್ರೋಲ್ ವಾಸನೆ ಬಂದರೆ ಕೀ ತಿರುಗಿಸಲೇಬೇಡಿ, ಮೆಕ್ಯಾನಿಕ್ ಕರೆಸಿ. ಎಲ್ಲ ಸರಿ ಇದ್ದರೆ ಕೀ ಆನ್ ಮಾಡಿ ಎರಡು ಮೂರು ಸೆಕೆಂಡ್ ಬಿಡಿ, ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ಪೈಪಿನಲ್ಲಿ ಪ್ರೆಷರ್ ಕೂಡುತ್ತದೆ. ಪೆಟ್ರೋಲ್ ವಾರ್ನಿಶ್‌ನಂತೆ ನಾರುತ್ತಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಗ್ಯಾರೇಜಿನಲ್ಲಿ ಪೂರ್ತಿ ಇಳಿಸಿ. ಇಳಿಸಿದ್ದನ್ನು ಚರಂಡಿಗೆ ಚೆಲ್ಲಬೇಡಿ, ಸ್ಕೂಟರಿಗೂ ಹಾಕಬೇಡಿ.