ಸೂರಿನ ಕೆಳಗೊಂದು ಆಕಾಶ

ಅಮೆರಿಕದ ಅಟ್ಲಾಂಟಾ ನಗರದ ಫಾಕ್ಸ್ ಥಿಯೇಟರಿನಲ್ಲಿ ಕೂತು ತಲೆ ಎತ್ತಿದರೆ ಚಾವಣಿ ಕಾಣುವುದಿಲ್ಲ, ಮುಸ್ಸಂಜೆಯ ನೀಲಿ ಆಕಾಶ ಕಾಣುತ್ತದೆ. ಅಲ್ಲಲ್ಲಿ ನಕ್ಷತ್ರ, ನಿಧಾನಕ್ಕೆ ತೇಲುವ ಮೋಡ, ಸುತ್ತ ಕೋಟೆಗೋಡೆ, ಬುರುಜು. ಅರಬ್ ಊರೊಂದರ ಅಂಗಳದಲ್ಲಿ ಬಯಲಾಟಕ್ಕೆ ಕೂತ ಹಾಗೆ. ಅಲ್ಲಿರುವುದು 4,665 ಆಸನ. ಬೆಂಗಳೂರಿನ ಕಪಾಲಿಯಲ್ಲಿ ಸಿನಿಮಾ ನೋಡಿದವರಿಗೆ ಅಂದಾಜು ಸಿಗಲಿ ಎಂದು ಹೇಳುತ್ತೇನೆ: ಅಂಥ ಮೂರು ಕಪಾಲಿ ಸೇರಿದರೂ ಸ್ವಲ್ಪ ಸಾಲದು. ಕಪಾಲಿ ಈಗಿಲ್ಲ. ಫಾಕ್ಸ್ ಇದೆ.

ಥಿಯೇಟರಿನೊಳಗೆ ಆಕಾಶ ಕಟ್ಟುವ ಗೀಳು ಹಚ್ಚಿದವನು ಜಾನ್ ಎಬರ್ಸನ್ ಎಂಬ ವಾಸ್ತುಶಿಲ್ಪಿ. 1923ರಲ್ಲಿ ಹ್ಯೂಸ್ಟನ್‌ನಲ್ಲಿ ಅವನು ಕಟ್ಟಿದ ಅಂಥ ಥಿಯೇಟರಿನ ಹೆಸರು ಕೇಳಿದರೆ ಬೆಂಗಳೂರಿನವರಿಗೆ ನಗು ಬಂದೀತು: ಮೆಜೆಸ್ಟಿಕ್. ಉಪಾಯವೇನೂ ಜಟಿಲವಲ್ಲ. ಎದುರಿನ ವಸ್ತು ಎಷ್ಟು ದೂರವಿದೆ ಎಂದು ತಿಳಿಯಲು ಕಣ್ಣಿಗೆ ಏನಾದರೂ ಆಧಾರ ಬೇಕು: ಒಂದು ಗೀರು, ಕಲೆ, ನೆರಳು, ಅಂಚು. ಎರಡು ಕಣ್ಣುಗಳಿಗೆ ಬಿದ್ದ ಚಿತ್ರಗಳ ವ್ಯತ್ಯಾಸದಿಂದ ಮಿದುಳು ಆಳ ಅಳೆಯುತ್ತದಲ್ಲ, ಅದಕ್ಕೂ ಹೋಲಿಸಿ ನೋಡಲು ಗುರುತು ಬೇಕು. ನುಣುಪು ಗಾರೆಗೆ ಒಂದೇ ನೀಲಿ ಬಳಿದು, ಅಂಚನ್ನು ಕೋಟೆಗೋಡೆಯ ಹಿಂದೆ ಅಡಗಿಸಿ, ದೀಪ ಕಾಣದಂತೆ ಮಂದ ಬೆಳಕು ಬಿಟ್ಟರೆ ಆಧಾರಗಳೆಲ್ಲ ಒಟ್ಟಿಗೇ ತಪ್ಪುತ್ತವೆ. ಕೆಲವು ಮೀಟರ್ ಮೇಲಿರುವ ಗಾರೆ ಅನಂತಕ್ಕೆ ಸರಿದುಬಿಡುತ್ತದೆ. ಫಾಕ್ಸ್‌ನ ಆಕಾಶದಲ್ಲಿ ನಕ್ಷತ್ರಗಳು ಬರೀ 96, ಎಲ್ಲವೂ ಹಿಂದೆ ಬಲ್ಬು ಇಟ್ಟ ಹರಳುಗಳು. ಅವುಗಳಲ್ಲಿ ಮೂರನೇ ಒಂದರಷ್ಟು ಮಿನುಗುತ್ತವೆ. ಕತ್ತಲ ಹಳ್ಳಿಯಲ್ಲಿ ಬರಿಗಣ್ಣಿಗೆ ಎರಡು ಸಾವಿರಕ್ಕೂ ಹೆಚ್ಚು ಕಾಣಬೇಕು; ಆದರೆ ಪೇಟೆಯವರಿಗೆ 96 ಧಾರಾಳವಾಯಿತು.

ಬಾಲ್ಕನಿಯ ಮೇಲೆ ದೊಡ್ಡ ಪಟ್ಟೆಪಟ್ಟೆ ಡೇರೆ ಹರಡಿದೆ. ಬಟ್ಟೆಯೆಂದೇ ಅನಿಸುತ್ತದೆ, ಆದರೆ ಅದೂ ಉಕ್ಕಿನ ಸರಳುಗಳ ಆಧಾರವಿರುವ ಗಾರೆಯೇ. ನನಗೆ ಇಡೀ ಕಟ್ಟಡದಲ್ಲಿ ತುಂಬ ಇಷ್ಟವಾದದ್ದು ಇದು, ಏಕೆಂದರೆ ಇಲ್ಲಿ ಅಲಂಕಾರವೇ ಯಂತ್ರವಾಗಿದೆ. ಧ್ವನಿವರ್ಧಕದ ಭರಾಟೆ ಇಲ್ಲದ ಕಾಲದಲ್ಲಿ ವೇದಿಕೆಯ ಶಬ್ದ ಹಿಂದಿನ ಸಾಲಿಗೆ ತಲುಪುವ ಹೊತ್ತಿಗೆ ಬಡಕಲಾಗಿರುತ್ತಿತ್ತು. ಡೇರೆ ಅದನ್ನು ಹಿಡಿದು ಬಾಲ್ಕನಿಗೆ ತಿರುಗಿಸುತ್ತದೆ. ಆದರೆ ತಿರುಗಿಸಿದ ಶಬ್ದ ತಡವಾಗಿ ಬಂದರೆ ಕೆಲಸ ಕೆಡುತ್ತದೆ. ನೇರ ಬಂದ ಶಬ್ದದ ಬೆನ್ನಿಗೇ, ಹೆಚ್ಚುಕಡಿಮೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಬಂದರೆ ಕಿವಿ ಎರಡನ್ನೂ ಬೆಸೆದು ಒಂದೇ ಗಟ್ಟಿ ಮಾತಾಗಿ ಕೇಳುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ ಅದು ಸುತ್ತಿ ಬರುವ ಹೆಚ್ಚುವರಿ ದಾರಿ 17 ಮೀಟರಿನೊಳಗಿರಬೇಕು. ಅದಕ್ಕಿಂತ ಹೆಚ್ಚಾದಷ್ಟೂ ಮಾತು ಕಲಸಿಹೋಗುತ್ತದೆ. ಇಷ್ಟು ದೊಡ್ಡ ಹಾಲಿನಲ್ಲಿ ಎತ್ತರದ ಚಾವಣಿಯನ್ನು ನಂಬಿದರೆ ಆಗದು, ಕೇಳುವವರ ತಲೆಯ ಹತ್ತಿರವೇ ಒಂದು ಮೇಲ್ಕಟ್ಟು ಬೇಕು.

ಕಟ್ಟಿಸಲು ಹೊರಟದ್ದು ಸಿನಿಮಾದವರಲ್ಲ. ಶ್ರೈನರ್ಸ್ ಎಂಬ ಸಂಘದ ಯಾರಬ್ ಟೆಂಪಲ್ ಶಾಖೆ ತನ್ನ ಸಭಾಭವನವಾಗಿ ಶುರುಮಾಡಿತು. ದುಡ್ಡು ಸಾಲದೆ ಸಭಾಂಗಣವನ್ನು ವಿಲಿಯಂ ಫಾಕ್ಸ್‌ನ ಸಿನಿಮಾ ಕಂಪನಿಗೆ ಗುತ್ತಿಗೆಗೆ ಕೊಟ್ಟಿತು. ಬಾಗಿಲು ತೆರೆದದ್ದು 1929ರ ಕ್ರಿಸ್‌ಮಸ್ ದಿನ. ಷೇರುಪೇಟೆ ಕುಸಿದು ಎರಡು ತಿಂಗಳಾಗಿತ್ತು ಅಷ್ಟೆ! 125 ವಾರಗಳಲ್ಲಿ ದಿವಾಳಿಯಾಗಿ ಮುಚ್ಚಿತು, ಆಮೇಲೆ ಮತ್ತೆ ತೆರೆಯಿತು.

ಮುಹೂರ್ತ ತಪ್ಪಿದ್ದು ಇನ್ನೊಂದಿತ್ತು, ಆರ್ಗನ್. ‘ಮೈಟಿ ಮೋ’ ಎಂದು ಮುದ್ದಿನ ಹೆಸರಿರುವ ಈ ಆರ್ಗನ್ ಮೋಲರ್ ಕಂಪನಿಯದು; ಕೊಳವೆಗಳಿಗೆ ಗಾಳಿ ಊದಿ ನುಡಿಸುವ ಈ ವಾದ್ಯಕ್ಕೆ 3,622 ಕೊಳವೆಗಳು. ಮೂಕಿ ಚಿತ್ರಗಳ ಕಾಲದಲ್ಲಿ ಇಂಥ ಆರ್ಗನ್ ಒಂದೇ ಒಂದು ಇಡೀ ವಾದ್ಯವೃಂದದ ಕೆಲಸ ಮಾಡುತ್ತಿತ್ತು. ತತ್ವ ನಮ್ಮ ಕೊಳಲಿನದೇ: ಕೊಳವೆ ಉದ್ದವಾದಷ್ಟೂ ಸ್ವರ ಮಂದ್ರ. ಎರಡೂ ತುದಿ ತೆರೆದ 16 ಅಡಿಯ ಕೊಳವೆ ಸೆಕೆಂಡಿಗೆ ಸುಮಾರು 33 ಕಂಪನ ಕೊಡುತ್ತದೆ, ಅದು ಕಿವಿಗಿಂತ ಹೆಚ್ಚಾಗಿ ಎದೆಗೆ ಕೇಳಿಸುತ್ತದೆ. ಆದರೆ ಫಾಕ್ಸ್ ತೆರೆಯುವ ಹೊತ್ತಿಗೆ ವಾಕ್ಚಿತ್ರ ಬಂದಾಗಿತ್ತು. ಆರ್ಗನ್ ಮೂಲೆ ಸೇರಿತು, ಕ್ರಮೇಣ ಕೆಟ್ಟು ಕೂತಿತು. 1960ರ ದಶಕದ ಆರಂಭದಲ್ಲಿ ಜೋ ಪ್ಯಾಟನ್ ಎಂಬ ಹವ್ಯಾಸಿ ಅದನ್ನು ಬಿಚ್ಚಿ, ರಿಪೇರಿ ಮಾಡಿ ನುಡಿಸುವ ಸ್ಥಿತಿಗೆ ತಂದರು. ಆಮೇಲೆ ಅವರು ಥಿಯೇಟರಿನೊಳಗೇ ಮನೆ ಮಾಡಿಕೊಂಡರು. 1996ರ ಏಪ್ರಿಲಿನಲ್ಲಿ ಅಲ್ಲಿ ಬೆಂಕಿ ಬಿದ್ದಾಗ ಅದು ಮೊದಲು ಗೊತ್ತಾದದ್ದೂ ಅವರಿಗೇ.

ಅದಕ್ಕೂ ಮುಂಚೆ, 1974ರಲ್ಲಿ, ಸದರ್ನ್ ಬೆಲ್ ಟೆಲಿಫೋನ್ ಕಂಪನಿ ತನ್ನ ಮುಖ್ಯ ಕಚೇರಿಗಾಗಿ ಈ ಜಾಗದ ಮೇಲೆ ಕಣ್ಣಿಟ್ಟಿತು. ಊರು ಗಲಾಟೆ ಮಾಡಿತು. ಅಟ್ಲಾಂಟಾ ಲ್ಯಾಂಡ್‌ಮಾರ್ಕ್ಸ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿ, 18 ಲಕ್ಷ ಡಾಲರ್ ಸಾಲ ಎತ್ತಿ 1975ರಲ್ಲಿ ಥಿಯೇಟರನ್ನು ಕೊಂಡಿತು. ಟೆಲಿಫೋನ್ ಕಂಪನಿಯ ಗೋಪುರ ಪಕ್ಕದ ಜಾಗದಲ್ಲಿ ಎದ್ದಿತು. ಸಾಲ 1978ರಲ್ಲೇ ತೀರಿತು. ತೀರಿಸಿದ್ದು ಬರೀ ದೇಣಿಗೆಯಲ್ಲ, ಸಭಾಂಗಣ ಮತ್ತೆ ತುಂಬಿತು, ಸಂಗೀತ ಕಛೇರಿಗಳು ನಡೆದವು. ಮುಖಭಾಗದ ಗೋಡೆ ಮಾತ್ರ ಉಳಿಸಿಕೊಂಡು ಹಿಂದೆ ಮಾಲ್ ಎಬ್ಬಿಸಿದ್ದರೆ ಅದನ್ನು ಸಂರಕ್ಷಣೆ ಎನ್ನಲು ನನಗೆ ಮನಸ್ಸಾಗುತ್ತಿರಲಿಲ್ಲ. ಡೇರೆ, ಆಕಾಶ, ಕೊಳವೆ ಎಲ್ಲವೂ ಒಂದೇ ಹಾಲಿನ ಅಳತೆಗೆ ಹೊಂದಿಸಿದವು. ಸಭಾಂಗಣವನ್ನು ಸೀಳಿ ಮೂರು ಪರದೆ ಮಾಡಿದರೂ ಯಂತ್ರ ನಿಂತಹಾಗೆಯೇ.

ಹಾಗೆ ಇಡಿಯಾಗಿ ಉಳಿಸಿದಾಗ ಬೇಡದ್ದೂ ಉಳಿಯುತ್ತದೆ. ಕಟ್ಟಡದ ಹೊರಮೈಗೆ ಅಂಟಿಕೊಂಡು ಒಂದು ಮೆಟ್ಟಿಲುದಾರಿ ಏರುತ್ತದೆ. ಕಪ್ಪು ಜನರಿಗೆ ಟಿಕೆಟ್ ಕಿಟಕಿಯೇ ಬೇರೆ ಇತ್ತು; ಅಲ್ಲಿ ಟಿಕೆಟ್ ಕೊಂಡವರು ಬಿಸಿಲಿರಲಿ ಮಳೆಯಿರಲಿ ಹೊರಗಿನಿಂದಲೇ ಹತ್ತಿ ಮೇಲಿನ ಗ್ಯಾಲರಿಗೆ ಹೋಗಬೇಕಿತ್ತು. 1960ರ ದಶಕದ ಆರಂಭದವರೆಗೂ ನಡೆದದ್ದು ಹೀಗೆಯೇ. ಆ ನೀಲಿ ಗಾರೆಗೆ ಎಲ್ಲರಿಗಿಂತ ಹತ್ತಿರ ಕೂರುತ್ತಿದ್ದವರು ಅವರು. ಆಕಾಶವನ್ನು ರಿಪೇರಿ ಮಾಡಿದವರು ಆ ಮೆಟ್ಟಿಲನ್ನು ಕೆಡವಲಿಲ್ಲ.