ಬೆಕ್ಕಿನ ನೆಗಡಿ: ವಾಸಿಯಾದ ಮೇಲೂ ಒಳಗೇ ಉಳಿಯುವ ವೈರಸ್

ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆಯವರು ಕಣ್ಣು ಅಂಟಿಕೊಂಡ ಬೆಕ್ಕನ್ನು ತಂದರೆ ‘ಹೊಗೆ ಬಡ್ದೈತ್ರಿ’ ಅನ್ನುವುದು ಸಹಜ. ಹೊಗೆಗೆ ಕಣ್ಣಲ್ಲಿ ನೀರು ಬರುತ್ತದೆ, ಜ್ವರ ಬರುವುದಿಲ್ಲ. ಬೆಕ್ಕಿನ ಸಹಜ ತಾಪ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಚೀಲದಲ್ಲಿ ತಂದ ಬೆಕ್ಕನ್ನು ಕಾಲು ಗಂಟೆ ನೆರಳಲ್ಲಿ ಬಿಟ್ಟು ಆಮೇಲೆ ಅಳೆಯಿರಿ. ತಾಪ 40 ದಾಟಿ, ಸೀನು, ಸಿಂಬಳ, ಗೀಜು ಮೂರೂ ಇದ್ದರೆ ಅಂಟುರೋಗ ಎಂದೇ ಹಿಡಿದು ಬೇರೆ ಕೋಣೆಗೆ ಹಾಕಿ.

ಹೆಚ್ಚಿನ ಪ್ರಕರಣಗಳಿಗೆ ಎರಡು ವೈರಸ್‌ಗಳು ಕಾರಣ. ಕಣ್ಣಿನ ಬಾಧೆ ಜೋರಾಗಿದ್ದು ಕಾರ್ನಿಯಾದಲ್ಲಿ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಕವಲೊಡೆದ ಗೆರೆಯಂಥ ಹುಣ್ಣು ಕಂಡರೆ ಹರ್ಪಿಸ್ ವೈರಸ್-1. ನಾಲಿಗೆ ಮೇಲೆ ಹುಣ್ಣು, ಜೊಲ್ಲು, ಒಮ್ಮೊಮ್ಮೆ ಕುಂಟು ಇದ್ದರೆ ಕ್ಯಾಲಿಸಿವೈರಸ್. ಎರಡೂ ಮನುಷ್ಯರಿಗೆ ಅಂಟುವುದಿಲ್ಲ, ಆದರೆ ನಮ್ಮ ಕೈ, ಬಟ್ಟೆಯ ಮೂಲಕ ಇನ್ನೊಂದು ಬೆಕ್ಕಿಗೆ ದಾಟುತ್ತವೆ.

ಹರ್ಪಿಸ್ ವಿಷಯದಲ್ಲಿ ನೆನಪಿಡಬೇಕಾದದ್ದು ಇದು: ಎರಡು-ಮೂರು ವಾರದಲ್ಲಿ ಬೆಕ್ಕು ಚೇತರಿಸಿಕೊಂಡರೂ ವೈರಸ್ ಮುಖದ ಸಂವೇದನೆಯ ಟ್ರೈಜೆಮಿನಲ್ ನರದ ಗಂಟಿನಲ್ಲಿ ಅಡಗಿ ಕೂರುತ್ತದೆ. ಮನೆ ಬದಲಾವಣೆ, ಮರಿ ಹಾಕುವುದು, ಸ್ಟೀರಾಯ್ಡ್ ಇಂಜೆಕ್ಷನ್, ಇವುಗಳ ಒತ್ತಡದಿಂದ ಮತ್ತೆ ಏಳುತ್ತದೆ. ಅದೂ ತಕ್ಷಣವಲ್ಲ, ಸುಮಾರು 4ರಿಂದ 12 ದಿನ ಬಿಟ್ಟು. ಹಾಗಾಗಿ ‘ಇತ್ತೀಚೆಗೆ ಏನಾಯಿತು?’ ಎಂದು ಕೇಳುವಾಗ ಎರಡು ವಾರ ಹಿಂದಿನಿಂದ ಕೇಳಿ. ಬಾಣಂತಿ ಬೆಕ್ಕು ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಮರಿಗಳಿಗೆ ಅಂಟಿಸುವುದು ಹೀಗೆಯೇ.

ಆರೈಕೆಯಲ್ಲಿ ಮೂಗೇ ಮುಖ್ಯ. ವಾಸನೆ ಸಿಗದಿದ್ದರೆ ಬೆಕ್ಕು ತಟ್ಟೆ ಮುಟ್ಟುವುದಿಲ್ಲ. ಎರಡು-ಮೂರು ದಿನ ಉಪವಾಸ ಬಿದ್ದರೆ, ಅದರಲ್ಲೂ ದಪ್ಪ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬುವ ಅಪಾಯ. ಕುದಿಸಿ ಆರಿಸಿದ ನೀರಿಗೆ ಲೀಟರಿಗೆ 9 ಗ್ರಾಂ ಉಪ್ಪು ಹಾಕಿ. ಉಗುರುಬೆಚ್ಚಗಿರುವಾಗ ಹತ್ತಿ ಅದ್ದಿ, ಮೂಗಿನ ಮೇಲೆ ಒಣಗಿದ ಹಕ್ಕಳೆಯ ಮೇಲೆ ಅರ್ಧ ನಿಮಿಷ ಇಡಿ. ನೆನೆದ ಮೇಲೆ ತಾನೇ ಬಿಡುತ್ತದೆ. ಒಣಗಿದ್ದನ್ನು ಕಿತ್ತರೆ ಚರ್ಮ ಸುಲಿದು ರಕ್ತ ಬರುತ್ತದೆ. ಒಂದೊಂದು ಕಣ್ಣಿಗೂ ಬೇರೆ ಹತ್ತಿ, ಒಳಮೂಲೆಯಿಂದ ಹೊರಕ್ಕೆ. ಬಿಸಿನೀರಿನ ಆವಿ ತುಂಬಿದ ಬಚ್ಚಲಲ್ಲಿ 10–15 ನಿಮಿಷ ಕೂರಿಸಿ, ಕೂಡಲೇ ಬೆಚ್ಚಗಿನ ಮೀನು ಅಥವಾ ಕೋಳಿ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೇಡ. ತಣ್ಣನೆ ಹಾಲಿಗೆ ವಾಸನೆಯೇ ಇರುವುದಿಲ್ಲ.

ಆ್ಯಂಟಿಬಯಾಟಿಕ್ ವೈರಸ್‌ಗೆ ನಾಟದು. ಸಿಂಬಳ ಹಳದಿ-ಹಸಿರಾಗಿ ಗಟ್ಟಿಯಾದರೆ ಬ್ಯಾಕ್ಟೀರಿಯಾಕ್ಕಾಗಿ ವೈದ್ಯರು ಡಾಕ್ಸಿಸೈಕ್ಲಿನ್ ಬರೆಯಬಹುದು. ಮಾತ್ರೆ ಅನ್ನನಾಳಕ್ಕೆ ಅಂಟಿ ಸುಡುತ್ತದೆ, ಹಿಂದೆಯೇ 5–6 ಎಂಎಲ್ ನೀರು ಕುಡಿಸಲೇಬೇಕು. ಹರ್ಪಿಸ್‌ಗೆ ಫ್ಯಾಮ್‌ಸೈಕ್ಲೊವಿರ್ ಇದೆ; ವಾಲಾಸೈಕ್ಲೊವಿರ್ ಬೆಕ್ಕಿಗೆ ವಿಷ. ಜ್ವರಕ್ಕೆಂದು ಮನೆಯ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸಾಯಬಹುದು, ಅರ್ಧ ಮಾತ್ರೆಯೂ ಬೇಡ. ಫ್ಲೋರೆಸಿನ್ ಪಟ್ಟಿ (ಹುಣ್ಣಿದ್ದ ಕಡೆ ಹಸಿರು ಹಿಡಿಯುವ ಬಣ್ಣದ ಕಾಗದ) ಮುಟ್ಟಿಸಿ ನೋಡುವ ಮುನ್ನ ಸ್ಟೀರಾಯ್ಡ್ ಇರುವ ಕಣ್ಣಿನ ಹನಿ ಹಾಕಬಾರದು. ಹುಣ್ಣು ಆಳಕ್ಕಿಳಿದು ಕಣ್ಣೇ ಹೋದೀತು.

ನೆಲಕ್ಕೆ ಫಿನಾಯಿಲ್ ಬೇಡ, ಬೆಕ್ಕಿನ ಯಕೃತ್ತು ಅದನ್ನು ತಾಳದು. ಮೊದಲು ಸೋಪಿನಲ್ಲಿ ತೊಳೆದು, ಮನೆಬಳಕೆಯ ಬ್ಲೀಚ್ ಒಂದು ಪಾಲಿಗೆ 32 ಪಾಲು ನೀರು ಬೆರೆಸಿ 10 ನಿಮಿಷ ಬಿಡಿ. ಹರ್ಪಿಸ್ ಒಣಗಿದರೆ ಬೇಗ ಸಾಯುತ್ತದೆ. ಹೊರಪೊರೆಯಿಲ್ಲದ ಕ್ಯಾಲಿಸಿ ವಾರಗಟ್ಟಲೆ ಉಳಿಯಬಲ್ಲದು, ಇಷ್ಟೆಲ್ಲ ಬೇಕಾಗುವುದು ಅದಕ್ಕೇ.

ಲಸಿಕೆ 6–8 ವಾರಕ್ಕೆ ಶುರು, 16 ವಾರ ತುಂಬುವವರೆಗೆ 3–4 ವಾರಕ್ಕೊಮ್ಮೆ, ವರ್ಷದೊಳಗೆ ಬೂಸ್ಟರ್. ಅದು ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ತೀವ್ರತೆ ತಗ್ಗಿಸುತ್ತದೆ. ನರದಲ್ಲಿ ಆಗಲೇ ಕೂತ ವೈರಸ್ಸನ್ನು ಹೊರಹಾಕುವುದೂ ಇಲ್ಲ. ಇದನ್ನು ಸಾಕಿದವರಿಗೆ ಸೂಜಿ ಚುಚ್ಚುವ ಮೊದಲೇ ಹೇಳಿ.