ಅಟ್ಟದ ಮೇಲಿನ ಹಳೆ ವ್ಯಾಕ್ಸ್‌ಲೆಸ್ ಸ್ಕೀ ಇನ್ನೂ ನಡೆಯುತ್ತಾ?

ಪ್ರಶ್ನೆ: ಅಮೆರಿಕದಲ್ಲಿದ್ದ ನಮ್ಮ ಚಿಕ್ಕಪ್ಪ ಊರಿಗೆ ವಾಪಸ್ ಬರುವಾಗ ತಂದ ಒಂದು ಜೋಡಿ ಹಳೆ ಸ್ಕೀ ಹದಿನೈದು ವರ್ಷದಿಂದ ಅಟ್ಟದ ಮೇಲೆ ಬಿದ್ದಿದೆ. ಮೇಲೆ 205 ಅಂತ ಬರೆದಿದೆ, ಅಡಿಯಲ್ಲಿ ಮೀನಿನ ಹುರುಪೆ ಥರ ಕೊರೆದಿದ್ದಾರೆ, ಅಂಚಿಗೆ ಸ್ಟೀಲ್ ಪಟ್ಟಿ ಇದೆ. ಜೊತೆಗೆ ಚರ್ಮದ ಬೂಟೂ ಇದೆ. ಫೆಬ್ರುವರಿಯಲ್ಲಿ ಸ್ನೇಹಿತರ ಜೊತೆ ಗುಲ್ಮಾರ್ಗ್‌ಗೆ ಹೊರಟಿದ್ದೀವಿ. ಇದನ್ನು ತಗೊಂಡು ಹೋಗಬಹುದಾ, ಇಲ್ಲ ಅಲ್ಲೇ ಬಾಡಿಗೆಗೆ ತಗೊಳ್ಳೋದು ವಾಸಿನಾ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಬೂಟು ಗಟ್ಟಿ ಇದ್ದರೆ ಧಾರಾಳವಾಗಿ ತಗೊಂಡು ಹೋಗಿ. ಬಾಡಿಗೆಗೆ ಅಲ್ಲಿ ಸಾಮಾನ್ಯವಾಗಿ ಸಿಗುವುದು ಇಳಿಜಾರಿನ ಸ್ಕೀ. ಅದರಲ್ಲಿ ಹಿಮ್ಮಡಿ ಬಿಗಿದಿರುತ್ತದೆ. ಕೇಬಲ್ ಕಾರಿನಲ್ಲಿ ಮೇಲೆ ಹೋಗಿ ಜಾರಿಕೊಂಡು ಕೆಳಗೆ ಬರುವುದಷ್ಟೇ ಅದರ ಕೆಲಸ. ನಿಮ್ಮ ಅಟ್ಟದ ಮೇಲಿರುವುದು ನಡೆಯುವ ಸ್ಕೀ. ಹಿಮ್ಮಡಿ ಬಿಡುವಾಗಿದ್ದು ಬೆರಳುಗಳ ತುದಿ ಮಾತ್ರ ಸಿಕ್ಕಿಸಿರುತ್ತದೆ. ಕಾಡಿನ ದಾರಿ, ಬಯಲು, ಸಣ್ಣ ಏರು ಎಲ್ಲವನ್ನೂ ನಡೆದೇ ದಾಟಬಹುದು. ಇದನ್ನು ಇಳಿಜಾರಿನ ಸ್ಕೀ ಜೊತೆ ಹೋಲಿಸಿ ಬೇಸರಪಟ್ಟವರೇ ಹೆಚ್ಚು. ಎತ್ತಿನ ಗಾಡಿಯನ್ನು ಬೈಕ್ ರೇಸಿಗೆ ಬಿಟ್ಟು ಓಡಲಿಲ್ಲ ಅಂದ ಹಾಗೆ.

ಮೊದಲು ಆ ಹುರುಪೆ ಯಾಕೆ ಅಂತ ತಿಳಿದರೆ ಉಳಿದದ್ದು ಸುಲಭ. ಮೆಕ್ಕೆಜೋಳದ ಗರಿಯ ಅಂಚನ್ನು ಒಂದು ದಿಕ್ಕಿಗೆ ಸವರಿದರೆ ನುಣುಪು, ಎದುರು ದಿಕ್ಕಿಗೆ ಸವರಿದರೆ ಬೆರಳು ಕೊಯ್ಯುತ್ತದಲ್ಲ, ಅದೇ ಲೆಕ್ಕ. ಸ್ಕೀ ಮುಂದೆ ಜಾರುವಾಗ ಹಿಮ ಹುರುಪೆಯ ಮೇಲೆ ನುಣುಪಾಗಿ ಹಾದುಹೋಗುತ್ತದೆ. ಹಿಂದಕ್ಕೆ ಒದ್ದಾಗ ಹುರುಪೆಯ ಮೆಟ್ಟಿಲಿನಂಥ ಮೊನೆಗೆ ಸಿಕ್ಕಿ ಹಿಡಿಯುತ್ತದೆ. ಹುರುಪೆ ಇಲ್ಲದ ಸ್ಕೀಗೆ ಈ ಹಿಡಿತ ಬರಲು ಹಿಮದ ಉಷ್ಣಾಂಶಕ್ಕೆ ತಕ್ಕ ಅಂಟುಮೇಣ ಹಚ್ಚಬೇಕು. ಬೆಳಿಗ್ಗೆ ಮೈನಸ್ 8 ಇದ್ದು ಮಧ್ಯಾಹ್ನ ಪ್ಲಸ್ 2 ಆಗುವ ದಿನ ಆ ಮೇಣ ಎರಡು ಸಲ ಬದಲಿಸಬೇಕಾಗುತ್ತದೆ. ಸೊನ್ನೆಯ ಆಸುಪಾಸಿನಲ್ಲಂತೂ ಮೇಣದವರು ಪಡುವ ಪಾಡು ಹೇಳತೀರದು. ಅಂಥ ಹಿಮಕ್ಕೇ 1970ರ ದಶಕದಿಂದ ಈ ಹುರುಪೆ ಸ್ಕೀಗಳು, ಅಂದರೆ ವ್ಯಾಕ್ಸ್‌ಲೆಸ್ (ಮೇಣ ಬೇಡದ) ಸ್ಕೀಗಳು, ಜನಪ್ರಿಯವಾದದ್ದು. ಬೆಲೆ ತೆರುವುದು ವೇಗದಲ್ಲಿ. ಗಟ್ಟಿ ಹಿಮದ ಮೇಲೆ ಝೂಂ ಅಂತ ಸದ್ದು ಮಾಡುತ್ತ, ಸ್ವಲ್ಪ ನಿಧಾನವಾಗಿ ಜಾರುತ್ತವೆ. ಅದು ಸ್ಕೀ ಹಾಳಾಗಿರುವ ಲಕ್ಷಣವಲ್ಲ.

ಈಗ ಅಟ್ಟದಿಂದ ಇಳಿಸಿ. ಎಲ್ಲರೂ ಮೊದಲು ಸ್ಕೀ ತಿರುಗಿಸಿ ನೋಡುತ್ತಾರೆ. ನೀವು ಬೂಟು ನೋಡಿ, ಮೊದಲು ಕೈಕೊಡುವುದು ಅದೇ. ಹಳೆಯ ಬೂಟುಗಳಲ್ಲಿ ಎರಡು ಜಾತಿ. ರಬ್ಬರ್ ಅಟ್ಟೆಯನ್ನು ಚರ್ಮಕ್ಕೆ ದಪ್ಪ ದಾರದಲ್ಲಿ ಹೊಲಿದದ್ದು ಒಂದು; ಹೊಲಿಗೆ ಬಿಡದಿದ್ದರೆ ದಶಕಗಟ್ಟಲೆ ಬಾಳುತ್ತದೆ. ಇನ್ನೊಂದು ಪಾಲಿಯುರೆಥೇನ್ ಅಟ್ಟೆಯದು. ಇದು ಬಳಸದೆ ಇಟ್ಟರೂ ಗಾಳಿಯ ತೇವಕ್ಕೆ ಒಳಗೊಳಗೇ ಒಡೆಯುತ್ತದೆ, ಸೆಕೆ ಸೇರಿದರೆ ಇನ್ನೂ ಬೇಗ. ನೋಡಲು ಹೊಸದರ ಹಾಗೇ ಇರುತ್ತದೆ, ಹಿಮದಲ್ಲಿ ಎರಡನೇ ಗಂಟೆಗೆ ಅಡಿ ಬಿಚ್ಚಿ ಬಾಯಿ ಬಿಡುತ್ತದೆ. ಅಟ್ಟೆಯ ಪಕ್ಕಕ್ಕೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಸ್ಪಂಜಿನಂತೆ ವಾಪಸ್ ಬಂದರೆ ಸರಿ. ಬಿಸ್ಕತ್ತಿನಂತೆ ಪುಡಿಯಾದರೆ, ಅಂಟುಅಂಟಾಗಿದ್ದರೆ, ಬೂಟಿನ ಆಸೆ ಬಿಡಿ. ಫೆವಿಕಾಲ್, ಅರಾಲ್ಡೈಟ್ ಯಾವುದೂ ನಿಲ್ಲುವುದಿಲ್ಲ. ಅಂಟು ಹಿಡಿಯುವ ವಸ್ತುವೇ ಸತ್ತಿರುತ್ತದೆ.

ಬೂಟಿನ ಮೂತಿ ಬಾತುಕೋಳಿಯ ಕೊಕ್ಕಿನಂತೆ ಮುಂದೆ ಚಾಚಿಕೊಂಡು, ಅದರ ಅಡಿಯಲ್ಲಿ ಮೂರು ತೂತುಗಳಿದ್ದರೆ ಅದು 75 ಮಿ.ಮೀ. ಮೂರು ಮೊಳೆಯ ಪದ್ಧತಿ. ನಾರ್ವೆಯ ರೊಟ್ಟೆಫೆಲ್ಲಾ ಕಂಪನಿಯ ಹೆಸರು ಈ ಮಾದರಿಗೇ ಅಂಟಿಕೊಂಡಿದೆ. ಆ ಪದದ ಅರ್ಥ ಇಲಿಬೋನು, ಬೈಂಡಿಂಗ್ (ಬೂಟನ್ನು ಸ್ಕೀಗೆ ಬಿಗಿಯುವ ಭಾಗ) ನೋಡಿದರೆ ಹೆಸರಿನ ಕಾರಣ ತಾನೇ ತಿಳಿಯುತ್ತದೆ. ಮೂರು ಮೊಳೆ ಮೂರು ತೂತಿಗೆ ಕೂತ ಮೇಲೆ ತಂತಿಯ ಬಿಲ್ಲನ್ನು ಅದುಮಿ ಕೊಂಡಿಗೆ ಸಿಕ್ಕಿಸುವುದು. ಮೂತಿಗೆ ಅಡ್ಡಲಾಗಿ ಒಂದು ಲೋಹದ ಸರಳು ಮಾತ್ರ ಇದ್ದರೆ ಅದು ಹೆಚ್ಚಾಗಿ ಅದೇ ಕಂಪನಿಯ ಇನ್ನೊಂದು ಪದ್ಧತಿ, ಎನ್‌ಎನ್‌ಎನ್ ಬಿಸಿ. ಮಾಮೂಲಿ ಎನ್‌ಎನ್‌ಎನ್ ಬೂಟು ಇದಕ್ಕೆ ಕೂರುವುದಿಲ್ಲ, ಸರಳಿನ ಅಗಲ ಬೇರೆ. ಬೂಟು, ಬೈಂಡಿಂಗ್ ಒಂದೇ ಮನೆತನದವು ಹೌದೋ ಅಂತ ಇಲ್ಲೇ ಕೂರಿಸಿ ನೋಡಿ. ಮೂರು ಮೊಳೆಯದಾದರೆ ಎಡ ಬಲ ಬೇರೆ ಬೇರೆ ಎನ್ನುವುದು ನೆನಪಿರಲಿ. ಅದಲುಬದಲಾದರೆ ಕೊಕ್ಕು ಓರೆಯಾಗಿ ಕೂತು ತೂತುಗಳು ಹರಿಯುತ್ತವೆ.

ಕೂರಿಸಿದ ಮೇಲೆ ಹಿಮ್ಮಡಿ ಎತ್ತಿ, ಬೂಟನ್ನು ಪಕ್ಕಕ್ಕೆ ತಿರುಚಿ. ಮೂತಿ ಒಳಗೇ ಅಲ್ಲಾಡಿದರೆ ತೂತುಗಳು ಸವೆದು ಮೊಟ್ಟೆಯಾಕಾರವಾಗಿವೆ ಎಂದರ್ಥ. ಇಳಿಯುವಾಗ ಸ್ಕೀ ನಿಮ್ಮ ಮಾತು ಕೇಳುವುದಿಲ್ಲ. ಅಲ್ಲಾಡುತ್ತಿರುವುದು ಬೂಟಲ್ಲ, ಬೈಂಡಿಂಗೇ ಎಂದಾದರೆ ಸ್ಕ್ರೂ ಸಡಿಲ. ಬಿಚ್ಚಿ ನೋಡಿ. ಇವು ಮಾಮೂಲಿ ಸ್ಟಾರ್ ಸ್ಕ್ರೂ ಅಲ್ಲ, ಪೊಜಿಡ್ರೈವ್ 3ನೇ ನಂಬರಿನ ತಲೆಯವು. ಮನೆಯ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು ಗುಂಡಗಾಗುತ್ತದೆ, ಆಮೇಲೆ ಒಳಗಿಂದ ಕೀಳುವುದೇ ದೊಡ್ಡ ಕೆಲಸ. ಹಾರ್ಡ್‌ವೇರ್ ಅಂಗಡಿಯಲ್ಲಿ ಆ ನಂಬರಿನ ಬಿಟ್ ಕೇಳಿ ತನ್ನಿ.

ಸ್ಕೀಯಲ್ಲಿ ಸ್ಕ್ರೂ ಕೂರುವ ತೂತು ಸವೆದಿದ್ದರೆ ಸಣ್ಣ ಎಳೆಯ ಸ್ಟೀಲ್ ವುಲ್ ಚಿಟಿಕೆಯಷ್ಟು ತುರುಕಿ, ನಿಧಾನಕ್ಕೆ ಒಣಗುವ ಎಪಾಕ್ಸಿ (ಅರಾಲ್ಡೈಟ್ ಜಾತಿಯ ಅಂಟು) ತುಂಬಿ, ಸ್ಕ್ರೂ ಬಿಗಿ ಮಾಡಿ 24 ಗಂಟೆ ಮುಟ್ಟದೆ ಬಿಡಿ. ಐದು ನಿಮಿಷದ ಎಪಾಕ್ಸಿ ಬೇಡ, ಅದು ಪೆಡಸಾಗಿ ಬಿರಿಯುತ್ತದೆ. ಬೈಂಡಿಂಗನ್ನೇ ಬದಲಿಸಿ ಹೊಸ ತೂತು ಹೊಡೆಯಬೇಕಾಗಿ ಬಂದರೆ, ಸ್ಕೀಯನ್ನು ಚಾಕುವಿನ ಅಂಚಿನ ಮೇಲಿಟ್ಟು ತಕ್ಕಡಿಯಂತೆ ಸಮತೂಗುವ ಜಾಗ ಹುಡುಕಿ. ಮೂರು ಮೊಳೆಯ ಸಾಲು ಆ ಗೆರೆಯ ಮೇಲೇ ಬರಬೇಕು. ಒಳಗೆ ಲೋಹದ ಹಾಳೆ ಇಲ್ಲದ ಸ್ಕೀಗೆ 3.6 ಮಿ.ಮೀ. ಬಿಟ್, ಇದ್ದರೆ 4.1. ಆಳ 9 ಮಿ.ಮೀ. ದಾಟದಂತೆ ಬಿಟ್‌ಗೆ ಟೇಪ್ ಸುತ್ತಿಕೊಳ್ಳಿ. ಬಡಗಿಯ ಕೈಗೆ ಕೊಟ್ಟರೂ ಈ 9 ಮಿ.ಮೀ. ಮಾತನ್ನು ಎರಡು ಸಲ ಹೇಳಿ. ಮರದ ಬಾಗಿಲಿಗೆ ತೂತು ಹೊಡೆಯುವ ಅಭ್ಯಾಸದಲ್ಲಿ ಬಿಟ್ ಅಡಿಯಿಂದ ಆಚೆ ಬಂದೀತು.

ಇನ್ನು ಸ್ಕೀಯ ಅಡಿ. ಉಗುರನ್ನು ಬಾಲದ ಕಡೆಯಿಂದ ಮೂತಿಯ ಕಡೆಗೆ ಎಳೆಯಿರಿ. ಪ್ರತಿ ಹುರುಪೆಗೂ ಉಗುರು ಟಕ್ ಟಕ್ ಅಂತ ಸಿಕ್ಕಬೇಕು. ಪಾದದ ಕೆಳಗಿನ ಒಂದು ಗೇಣು ಜಾಗದಲ್ಲಿ ಮಾತ್ರ ನುಣುಪಾಗಿದ್ದರೆ ಚಿಂತೆಯಿಲ್ಲ, ಅಲ್ಲೇ ಹೆಚ್ಚು ಸವೆಯುವುದು. ಇಡೀ ಪಟ್ಟಿಯೇ ನುಣ್ಣಗಾಗಿದ್ದರೆ ಏರಿನಲ್ಲಿ ಜಾರುತ್ತೀರಿ. ಅದಕ್ಕೆ ಉಜ್ಜಿ ಸರಿಪಡಿಸುವ ಉಪಾಯವಿಲ್ಲ, ಉಜ್ಜಿದಷ್ಟೂ ಹುರುಪೆ ಕಮ್ಮಿಯಾಗುತ್ತದೆ. ಆಗ ಪಾದದ ಕೆಳಗೆ ಕಟ್ಟುವ ಗಿಡ್ಡ ಸ್ಕಿನ್, ಅಂದರೆ ಒಂದೇ ದಿಕ್ಕಿಗೆ ಮಲಗುವ ರೋಮದ ಪಟ್ಟಿ, ಕೊಳ್ಳುವುದೇ ದಾರಿ. ಅಂಚಿನ ಸ್ಟೀಲ್‌ಗೆ ಹಿಡಿದ ತುಕ್ಕು ದೊಡ್ಡ ವಿಷಯವಲ್ಲ. ಸಣ್ಣ ಅರ ಅಥವಾ ಎಮರಿ ಪೇಪರಿನಲ್ಲಿ ಉದ್ದಕ್ಕೂ ಒಂದೇ ದಿಕ್ಕಿಗೆ ತಿಕ್ಕಿದರೆ ಸಾಕು.

ಬಾಲದ ತುದಿ ಪದರ ಬಿಟ್ಟಿದ್ದರೆ ಮಾತ್ರ ಕೆಲಸವಿದೆ. ಸ್ಕೀಯನ್ನು ನಿಲ್ಲಿಸಿಡುವುದು ಬಾಲದ ಮೇಲೆ, ನೀರು ಇಳಿಯುವುದೂ ಅಲ್ಲಿಂದಲೇ. ಮೊಂಡು ಚಾಕುವಿನಿಂದ ಪದರ ಅಗಲಿಸಿ, ಸ್ಪಿರಿಟ್‌ನಲ್ಲಿ ಒಳಗೆ ಒರೆಸಿ, ಒಂದು ದಿನ ನೆರಳಲ್ಲಿ ಒಣಗಿಸಿ. ಎಪಾಕ್ಸಿಯನ್ನು ಆಳಕ್ಕೆ ತಳ್ಳಿ, ಮೇಲೆ ಕೆಳಗೆ ಒಂದೊಂದು ಹಲಗೆ ಇಟ್ಟು ಸಿ-ಕ್ಲಾಂಪ್ ಬಿಗಿಯಿರಿ. ಹಲಗೆ ಮತ್ತು ಸ್ಕೀ ನಡುವೆ ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ ಕವರ್ ಇಡಿ. ಎಪಾಕ್ಸಿ ಪಾಲಿಥೀನ್‌ಗೆ ಅಂಟುವುದಿಲ್ಲ, ಹಲಗೆ ಸಲೀಸಾಗಿ ಬಿಡುತ್ತದೆ. (ಸ್ಕೀಯ ತಳವೂ ಪಾಲಿಥೀನ್ ಜಾತಿಯದೇ. ತಳದ ಗೀರುಗಳಿಗೆ ಅರಾಲ್ಡೈಟ್ ಮೆತ್ತಿ, ಮೊದಲ ದಿನವೇ ಉದುರಿತು ಅಂತ ದೂರುವವರಿಗೆ ಇದೇ ಉತ್ತರ. ಗೀರಿಗೆ ಬೇಕಾದದ್ದು ಪಿ-ಟೆಕ್ಸ್ ಕಡ್ಡಿ, ಅಂದರೆ ಕರಗಿಸಿ ತುಂಬುವ ಪಾಲಿಥೀನ್ ಕಡ್ಡಿ.)

ಮೂರನೆಯದು ಕಮಾನು. ಎರಡೂ ಸ್ಕೀಗಳ ಅಡಿಗೆ ಅಡಿ ತಾಗಿಸಿ ಹಿಡಿದರೆ ತುದಿಗಳು ಮುಟ್ಟಿ ನಡುವೆ ಸಂದು ಕಾಣಬೇಕು. ಈ ಕಮಾನೇ ಹುರುಪೆಯನ್ನು ಜಾರುವಾಗ ಹಿಮದಿಂದ ಸ್ವಲ್ಪ ಮೇಲೆತ್ತಿ, ಒದೆಯುವಾಗ ಕೆಳಗಿಳಿಸುವುದು. ಅದು ನಿಮ್ಮ ತೂಕಕ್ಕೆ ಹೊಂದುತ್ತದೆಯೇ ಎನ್ನುವುದಕ್ಕೆ ದಿನಪತ್ರಿಕೆಯ ಒಂದು ಹಾಳೆ ಸಾಕು. ಸಮತಟ್ಟಾದ ನೆಲದಲ್ಲಿ ಸ್ಕೀ ಇಟ್ಟು ಎರಡರ ಮೇಲೂ ಸಮನಾಗಿ ನಿಲ್ಲಿ, ಇನ್ನೊಬ್ಬರು ಪಾದದ ಕೆಳಗೆ ಹಾಳೆ ಸರಿಸಲಿ. ಹಾಳೆ ಓಡಾಡಬೇಕು. ಆಮೇಲೆ ಪೂರ್ತಿ ತೂಕ ಒಂದೇ ಕಾಲಿಗೆ ಹಾಕಿ. ಹಾಳೆ ಸಿಕ್ಕಿಕೊಳ್ಳಬೇಕು. ಒಂದೇ ಕಾಲಲ್ಲಿ ನಿಂತಾಗಲೂ ಹಾಳೆ ಸಲೀಸಾಗಿ ಬಂದರೆ ಸ್ಕೀ ನಿಮಗೆ ಬಿರುಸು. ಹುರುಪೆ ಹಿಮ ಮುಟ್ಟುವುದೇ ಇಲ್ಲ, ಏರಿನಲ್ಲಿ ಕಾಲು ಹಿಂದಕ್ಕೆ ಜಾರುತ್ತಲೇ ಇರುತ್ತದೆ. ನಿಮಗಿಂತ ತೂಕದ ಸ್ನೇಹಿತರಿಗೆ ಕೊಡಿ. ಎರಡು ಕಾಲಲ್ಲಿ ನಿಂತಾಗಲೇ ಹಾಳೆ ಸಿಕ್ಕಿಕೊಂಡರೆ ಮೆತು. ಜಾರುವುದು ನಿಧಾನ, ಹತ್ತುವುದು ಚೆನ್ನ. ಕಾಡು ಸುತ್ತಲು ಎರಡರಲ್ಲಿ ಮೆತುವಾದದ್ದೇ ವಾಸಿ ಎನ್ನುವುದು ನಮ್ಮ ಅಭಿಪ್ರಾಯ.

ವ್ಯಾಕ್ಸ್‌ಲೆಸ್ ಅಂದಮಾತ್ರಕ್ಕೆ ಮೇಣವೇ ಬೇಡ ಅಂತಲ್ಲ. ಬೇಡದ್ದು ಹಿಡಿತದ ಮೇಣ ಮಾತ್ರ. ಹುರುಪೆಯ ಹಿಂದೆ ಮುಂದೆ ಇರುವ ನುಣುಪು ಭಾಗಕ್ಕೆ ಜಾರುಮೇಣ ಬೇಕೇ ಬೇಕು. ಹಬೆ ತೂತುಗಳಿಲ್ಲದ ಹಳೆ ಇಸ್ತ್ರಿಪೆಟ್ಟಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ಆಮೇಲೆ ಅದನ್ನು ಬಟ್ಟೆಗೆ ಮಾತ್ರ ಬಳಸಬೇಡಿ. ಶಾಖ 120 ಡಿಗ್ರಿಯ ಆಸುಪಾಸು. ಮೇಣದಿಂದ ಹೊಗೆ ಎದ್ದರೆ ಅತಿಯಾಯಿತು, ತಕ್ಷಣ ತೆಗೆಯಿರಿ. ಪೆಟ್ಟಿಗೆ ಒಂದೇ ಕಡೆ ನಿಲ್ಲದೆ ಸರಿಯುತ್ತಲೇ ಇರಬೇಕು. ಆರಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಹುರುಪೆಯ ಮೇಲೆ ಬಿಸಿ ಮೇಣ ಹಾಕಿದರೆ ಮೆಟ್ಟಿಲುಗಳ ಸಂದು ತುಂಬಿ, ಅದನ್ನು ಕೆರೆಯಲೂ ಆಗದೆ, ಹಿಡಿತವೇ ಹೋಗುತ್ತದೆ. ಅಲ್ಲಿಗೆ ಬಟ್ಟೆಯಲ್ಲಿ ಒರೆಸುವ ದ್ರವ ಅಥವಾ ಪೇಸ್ಟ್ ಮೇಣ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು ಒರೆಸಿ. ಇದು ವೇಗಕ್ಕಲ್ಲ, ಮಂಜುಗಟ್ಟದಿರಲಿ ಅಂತ. ಬಿಸಿಲಿನ ಒದ್ದೆ ಹಿಮದಿಂದ ಮರದ ನೆರಳಿನ ಒಣ ಹಿಮಕ್ಕೆ ಕಾಲಿಟ್ಟ ಕೂಡಲೇ ಹುರುಪೆಯ ಸಂದಿನ ನೀರು ಹೆಪ್ಪುಗಟ್ಟಿ, ಅದಕ್ಕೆ ಹಿಮ ಅಂಟಿ, ಅಡಿಯಲ್ಲಿ ಮುದ್ದೆ ಕಟ್ಟುತ್ತದೆ. ಕಟ್ಟಿದರೆ ಹಳೆ ಎಟಿಎಂ ಕಾರ್ಡಿನಿಂದ ಕೆರೆಯಿರಿ. ಚಾಕು ಬೇಡ.

ಹಿಮದ ಮೇಲೆ ಮೊದಲ ಗಂಟೆ ಎಲ್ಲರೂ ಮಾಡುವ ತಪ್ಪು ಒಂದೇ: ಏರು ಬಂದ ಕೂಡಲೇ ಮುಂದಕ್ಕೆ ಬಗ್ಗಿ ಕೋಲಿನ ಮೇಲೆ ಭಾರ ಹಾಕುವುದು. ಭಾರ ಪಾದದಿಂದ ಹೋದರೆ ಕಮಾನು ಕೆಳಗಿಳಿಯುವುದಿಲ್ಲ, ಹುರುಪೆ ಹಿಡಿಯುವುದಿಲ್ಲ, ಸ್ಕೀ ಹಿಂದೆ ಜಾರುತ್ತದೆ, ನೀವು ಇನ್ನಷ್ಟು ಬಗ್ಗುತ್ತೀರಿ. ನೆಟ್ಟಗೆ ನಿಲ್ಲಿ. ಹೆಜ್ಜೆ ಗಿಡ್ಡ ಮಾಡಿ. ಎರಡೂ ಪಾದ ಪಕ್ಕಪಕ್ಕ ಬರುವ ಕ್ಷಣದಲ್ಲಿ ಕಾಲನ್ನು ಹಿಂದಕ್ಕಲ್ಲ, ಕೆಳಕ್ಕೆ ಒತ್ತಿ. ಇನ್ನೂ ಕಡಿದಾದರೆ ನೇರ ಹತ್ತುವ ಹಟ ಬಿಟ್ಟು ಘಾಟಿ ರಸ್ತೆಯ ಹಾಗೆ ಅಡ್ಡಡ್ಡ ತಿರುವು ಹಾಕಿಕೊಂಡು ಹೋಗಿ.

ಇಳಿಯುವಾಗ ಜಾಸ್ತಿ ಜೋಪಾನ. ಮೂರು ಮೊಳೆಯ ಬೈಂಡಿಂಗ್ ಬಿದ್ದಾಗ ಬಿಚ್ಚಿಕೊಳ್ಳುವುದಿಲ್ಲ. ಎರಡು ಮೀಟರ್ ಉದ್ದದ ಹಲಗೆ ತಿರುಚಿದರೆ ಮಂಡಿಯೂ ಅದರ ಜೊತೆ ತಿರುಚುತ್ತದೆ. ಹಿಮ್ಮಡಿ ಬಿಡುವಾಗಿರುವ ಸ್ಕೀಗೆ ಮಂಡಿ ಊರಿ ತಿರುಗುವ ಟೆಲಿಮಾರ್ಕ್ ಎಂಬ ಶೈಲಿ ಇದೆ, ನಾರ್ವೆಯ ಟೆಲಿಮಾರ್ಕ್ ಸೀಮೆಯಿಂದ ಬಂದ ಹೆಸರು. ಮೊದಲ ಸಲಕ್ಕೆ ಅದರ ಆಸೆ ಬೇಡ. ಬಾಲಗಳನ್ನು ಅಗಲಿಸಿ ಮೂತಿಗಳನ್ನು ಹತ್ತಿರ ತಂದು ನೇಗಿಲಿನಂತೆ ಉಜ್ಜಿಕೊಂಡು ಇಳಿಯುವುದನ್ನು ಕಲಿಯಿರಿ. ಅದೂ ಆಗದಷ್ಟು ಕಡಿದಾದರೆ ಬಿಚ್ಚಿ ಹೆಗಲಿಗೇರಿಸಿ ನಡೆಯಿರಿ.

ಗುಲ್ಮಾರ್ಗ್‌ನಲ್ಲಿ ನಿಮ್ಮ ಜಾಗ ಸುಮಾರು 2,650 ಮೀಟರ್ ಎತ್ತರದ ಕೆಳಗಿನ ಬಯಲು ಮತ್ತು ಅದರ ಸುತ್ತಲಿನ ಕಾಡಿನ ದಾರಿ. ಕೇಬಲ್ ಕಾರಿನ ಎರಡನೇ ಹಂತ ಹತ್ತಿ ಅಫರ್‌ವಾಟ್ ಬೆಟ್ಟದ ಮೇಲೆ ಈ ಸ್ಕೀ ಒಯ್ಯಬೇಡಿ. ಹಿಮ ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ನೀವು ಅಷ್ಟು ಕಡಿದಾದ ಕಡೆ ಹತ್ತದಿದ್ದರೂ ಅಂಥ ಇಳಿಜಾರಿನ ಬುಡದಲ್ಲಿ ನಡೆದರೆ ಅಪಾಯ ಅಷ್ಟೇ ಇದೆ. ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹೊರಡಿಸುವ ಹಿಮಕುಸಿತದ ಮುನ್ಸೂಚನೆಯನ್ನು ಬೆಳಿಗ್ಗೆ ನೋಡಿಯೇ ಹೊರಡಿ. ಹಿಮ ಎಷ್ಟಿದೆ ಅಂತಲೂ ಮುಂಚೆಯೇ ವಿಚಾರಿಸಿ: 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುಪಾಲು ಹಿಮವಿಲ್ಲದೆ ಬೋಳಾಗಿತ್ತು. ತೆಳು ಹಿಮದ ಕೆಳಗಿನ ಕಲ್ಲು ಒಂದೇ ಬೆಳಗಿನಲ್ಲಿ ಹುರುಪೆ ಕೆತ್ತಿ ಹಾಕುತ್ತದೆ.

ಅಲ್ಲಿಯವರೆಗೆ ಊರಿನಲ್ಲಿ ಮಾಡಬೇಕಾದದ್ದು ಕಾಲಿನ ಕೆಲಸ. ದುರ್ಗದ ಕೋಟೆಯ ಮೆಟ್ಟಿಲು ವಾರಕ್ಕೆರಡು ಸಲ ಹತ್ತಿ ಇಳಿಯಿರಿ, ಇಲ್ಲ ಕುಂದುವಾಡ ಕೆರೆಯ ಏರಿ ಸುತ್ತಿ. ಒಂಟಿ ಕಾಲಲ್ಲಿ 30 ಸೆಕೆಂಡ್ ಅಲ್ಲಾಡದೆ ನಿಲ್ಲುವುದನ್ನು ರೂಢಿಸಿಕೊಂಡರೆ ಅರ್ಧ ಕಲಿತಂತೆ. ಚರ್ಮದ ಬೂಟನ್ನು ಪಾದಕ್ಕೆ ಪಳಗಿಸಲು ದಿನಕ್ಕೆ ಒಂದು ಗಂಟೆ ಮನೆಯೊಳಗೇ ಹಾಕಿಕೊಳ್ಳಿ, ರಸ್ತೆಯಲ್ಲಿ ಬೇಡ. ಡಾಂಬರು ಆ ಕೊಕ್ಕಿನ ತೂತುಗಳನ್ನು ತಿಂದುಹಾಕುತ್ತದೆ.

ಚೀಲದಲ್ಲಿ ಪೊಜಿಡ್ರೈವ್ ಬಿಟ್, ನಾಲ್ಕು ಹೆಚ್ಚುವರಿ ಸ್ಕ್ರೂ, ಸ್ಟೀಲ್ ವುಲ್, ಎಪಾಕ್ಸಿ, ಒಂದು ಮೊಳ ಕಟ್ಟುತಂತಿ ಇರಲಿ, ಕೋಲಿಗೆ ಎರಡು ಸುತ್ತು ಅಗಲ ಟೇಪ್ ಸುತ್ತಿರಲಿ. ಅಲ್ಲಿ ಈ ಬೈಂಡಿಂಗಿನ ಬಿಡಿಭಾಗ ಸಿಕ್ಕೀತು ಎಂಬ ಭರವಸೆ ಇಟ್ಟುಕೊಳ್ಳಬೇಡಿ. 205 ಸೆಂ.ಮೀ. ರೈಲಿನ ಬರ್ತ್‌ಗಿಂತ ಉದ್ದ. ವಿಮಾನದವರಿಗಾದರೆ ಟಿಕೆಟ್ ಮಾಡುವಾಗಲೇ ಅಳತೆ ಹೇಳಿ. ವಾಪಸ್ ಬಂದ ಮೇಲೆ ಅಡಿಗೆ ಜಾರುಮೇಣ ಹಚ್ಚಿ, ಕೆರೆಯದೆ ಹಾಗೇ ಬಿಡಿ, ಅಂಚಿಗೆ ತುಕ್ಕು ಹಿಡಿಯುವುದಿಲ್ಲ. ಎರಡನ್ನೂ ಮೂತಿ ಮತ್ತು ಬಾಲದ ಹತ್ತಿರ ಮಾತ್ರ ಸಡಿಲವಾಗಿ ಕಟ್ಟಿ. ನಡುವೆ ಬಿಗಿದರೆ ಕಮಾನು ಸಾಯುತ್ತದೆ. ಇಡುವುದು ಮಾತ್ರ ಮತ್ತೆ ಆ ಅಟ್ಟದ ಮೇಲೆ ಬೇಡ, ಅದೂ ಶೀಟಿನ ಮಾಡಾದರೆ. ಏಪ್ರಿಲ್ ಮೇ ತಿಂಗಳ ಆ ಕಾವು ಪದರಗಳ ಅಂಟನ್ನೂ ಬೂಟಿನ ಅಟ್ಟೆಯನ್ನೂ ಬೇಯಿಸುತ್ತದೆ. ಮಂಚದ ಕೆಳಗೆ ತಂಪಾಗಿ ಮಲಗಿರಲಿ.